ಇಟ್ಟುಹೋದವನ ಸೈಕಲ್

ಇಂದಿಗೂ ತವಂದಿ ಘಾಟಿನ ಇಳಿಜಾರಿನಲ್ಲಿ ನನ್ನ ಬೆರಳುಗಳು ತಾವಾಗಿಯೇ ಬ್ರೇಕನ್ನು ಹಿಂಡುತ್ತವೆ.

ನಿಪ್ಪಾಣಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಮಾತಿಗೊಮ್ಮೆ "ಗಡಬಡ ಮಾಡಬ್ಯಾಡ" ಎನ್ನುತ್ತಿದ್ದರು. ದೇಶ ಸುತ್ತಲು ಬಂದ ಪರದೇಶದವನೊಬ್ಬ ಜ್ವರ ಹಿಡಿದು ಅವರ ಮನೆಯಲ್ಲಿ ಮಲಗಿದ್ದನಂತೆ. ಹೋಗುವಾಗ, ಮತ್ತೆ ಬರುತ್ತೇನೆಂದು ತನ್ನ ಬೆಟ್ಟ ಹತ್ತುವ ಗೇರ್ ಸೈಕಲ್ಲನ್ನು ಬಿಟ್ಟುಹೋದ. ಎಷ್ಟೋ ವರ್ಷ ತಂಬಾಕಿನ ಚೀಲಗಳ ಹಿಂದೆ ತುಕ್ಕು ಹಿಡಿದಿದ್ದ ಅದನ್ನು ಕಾಕಾ ನಿವೃತ್ತಿಯ ನಂತರ ಬಿಚ್ಚಿ, ಉಜ್ಜಿ, ಹೊಸದರಂತೆ ಮಾಡಿದರು.

ಖಂಡೇನವಮಿಯ ದಿನ ಆಯುಧಪೂಜೆಗೆ ಹೊಳೆಯಲೆಂದು ಗಾಲಿಯ ರಿಮ್ಮಿಗೂ ಎಣ್ಣೆ ಸವರಿದರು. ಪೂಜೆ ಮುಗಿಸಿ ಅದನ್ನು ಹತ್ತಿ ಘಾಟಿಗೆ ಹೊರಟರು. ನಾನು ಬೈಕಿನಲ್ಲಿ ಅವರ ಹಿಂದಿದ್ದೆ. ಇಳಿಜಾರಿನಲ್ಲಿ ಕಾಕಾ ಬ್ರೇಕ್ ಹಿಡಿದರು. ಬ್ರೇಕಿನ ರಬ್ಬರು ಎಣ್ಣೆಯ ಮೇಲೆ ಜಾರಿತು. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್ ತೆವಳುತ್ತಿತ್ತು.

"ಕಾಕಾ, ಜಿಗೀರಿ" ಎಂದು ಕಿರುಚಿದೆ.

"ಜಿಗದ್ರ ಸೈಕಲ್ ಹಾಳಾಗತೈತೋ ತಮ್ಮಾ."

ಕಬ್ಬಿನ ತುದಿಗಳು ಅವರ ಮುಖಕ್ಕೆ ತಾಗುವಷ್ಟರಲ್ಲಿ ಹ್ಯಾಂಡಲ್ ತಿರುಗಿಸಿ ರಸ್ತೆಬದಿಯ ಮಣ್ಣಿಗೆ ನುಗ್ಗಿದರು. ನಾನು ಬೈಕ್ ನಿಲ್ಲಿಸಿ ಓಡಿಹೋದಾಗ ಅಂಗಾತ ಬಿದ್ದಿದ್ದರು. ಸೈಕಲ್ ಅವರ ಎದೆಯ ಮೇಲಿತ್ತು, ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. ಅವರ ರಟ್ಟೆಗೆ ಕೈಹಾಕಿದೆ.

"ಗಡಬಡ ಮಾಡಬ್ಯಾಡ," ಎಂದರು. "ಮೊದಲ ಇದನ್ನ ಎತ್ತು. ನಾಳೆ ಅವ ಬಂದ್ರ ನಾ ಏನ ಹೇಳಲಿ?"