ಲಗಮಣ್ಣ ಎತ್ತಿದ ಭಂಡಾರ

ಉಮದಿಯ ಲಗಮಣ್ಣನಿಗೆ ಎರಡು ದೋಷಗಳಿದ್ದವು. ಕೆಲಸವನ್ನು ನೋಡುವ ಮೊದಲೇ ಒಪ್ಪಿಕೊಳ್ಳುತ್ತಿದ್ದ. ಒಪ್ಪಿಕೊಂಡ ಮೇಲೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಕುರಿ ಕಾಯುವ ಮನೆತನದವನು. ಯುದ್ಧದ ಕಾಲದಲ್ಲಿ ಮಿರಜಿಗೆ ಹೋಗಿ ಒಬ್ಬ ಮಿಸ್ತ್ರಿಯ ಕೈಕೆಳಗೆ ಗ್ಯಾಸ್ ವೆಲ್ಡಿಂಗ್ ಕಲಿತು ಬಂದು, ಸಂತೆಯ ಮಗ್ಗುಲಲ್ಲಿ ತಗಡಿನ ಛಪ್ಪರ ಹಾಕಿಕೊಂಡಿದ್ದ. ಕುರಿ ಬಿಟ್ಟು ಕಬ್ಬಿಣ ಕಾಯಲು ಕೂತವನೆಂದು ಅವನ ಅಣ್ಣತಮ್ಮಂದಿರು ನಗುತ್ತಿದ್ದರು.

ಐವತ್ತನಾಲ್ಕರ ಬೇಸಿಗೆ. ನನ್ನ ಸೋದರಮಾವ ಅಣ್ಣಾರಾಯ ಕಾಳಿನ ವ್ಯಾಪಾರಿ. ಮಿಲಿಟರಿ ಲಿಲಾವಿನಲ್ಲಿ ಕೊಂಡ ಒಂದು ಹಳೆಯ ಮೋಟಾರು ಗಾಡಿಯನ್ನು ಅವನು ಇಟ್ಟುಕೊಂಡಿದ್ದ. ಸಂತೆಯ ದಿನ ಅದರಲ್ಲಿ ಜೋಳದ ಚೀಲಗಳೂ ಅವುಗಳ ಮೇಲೆ ಜನರೂ ಹೋಗುತ್ತಿದ್ದರು. ಹೀಗೆ ಹೇರಿ ಹೇರಿ ಗಾಡಿಯ ಹಿಂಭಾಗ ಕುಗ್ಗಿತ್ತು. ಮಗನ ಮದುವೆ ಬೆಳುಂಕಿಯಲ್ಲಿ ಗೊತ್ತಾಗಿತ್ತು. ಮನೆಯ ಹೆಂಗಸರೆಲ್ಲ ಮೋಟಾರಿನಲ್ಲೇ ಹೋಗಿ ಇಳಿಯಬೇಕೆಂಬುದು ಅವನ ಹಟ.

"ಚಾಸಿಗೆ ಎರಡು ಕಬ್ಬಿಣದ ಪಟ್ಟಿ ಹಚ್ಚಿ ಗಟ್ಟಿ ಮಾಡಬೇಕಲ್ಲೋ ಲಗಮಣ್ಣ. ನಿನ್ನ ಕೈಲೆ ಆಗೂದಿಲ್ಲ ಅಂದ್ರ ಹೇಳು, ಸೊಲ್ಲಾಪುರಕ್ಕ ಕಳಸ್ತೀನಿ."

"ಯಾಕ ಆಗೂದಿಲ್ಲರಿ ಸಾವ್ಕಾರ್ರ? ಲಗ್ನದ ದಿನಾ ಹೊತ್ತ ಹುಟ್ಟೂದ್ರಾಗ ಗಾಡಿ ನಿಮ್ಮ ಬಾಗಲಾಗ ಇರ್ತೈತಿ."

"ಬಾಯಿಲೆ ಯಾರರೆ ಹೇಳ್ತಾರ."

ಸಂತೆಯ ಜನ ನೋಡುತ್ತಿದ್ದರು. ಲಗಮಣ್ಣ ಸೊಂಟದ ಚೀಲಕ್ಕೆ ಕೈಹಾಕಿ ಒಂದು ಹಿಡಿ ಭಂಡಾರ ತೆಗೆದು ಬೀರಪ್ಪನ ಹೆಸರಿನಲ್ಲಿ ಮೇಲೆತ್ತಿದ. ಕುರುಬರಲ್ಲಿ ಆ ಅರಿಸಿನ ಎತ್ತಿ ಆಡಿದ ಮಾತಿಗೆ ಸಾಕ್ಷಿ ಬೇಕಿಲ್ಲ. ತಪ್ಪಿದರೆ ಅದು ಮನೆಯ ಮಕ್ಕಳಿಗೆ ತಟ್ಟುತ್ತದೆ ಎಂದು ನಂಬುತ್ತಾರೆ. ಅವನು ಇನ್ನೂ ಗಾಡಿಯ ಕೆಳಗೆ ಬಗ್ಗಿ ನೋಡಿರಲಿಲ್ಲ.

ಮರುದಿನ ಬಗ್ಗಿ ನೋಡಿದ. ಭಾರವೆಲ್ಲ ಹೊರುವ ತಳದ ಚೌಕಟ್ಟಾದ ಚಾಸಿಯ ಎರಡೂ ಉದ್ದನೆಯ ತೊಲೆಗಳಿಗೆ ದಪ್ಪವಾಗಿ ಡಾಂಬರು ಬಳಿದಿದ್ದರು. ಕೆರೆದರೆ, ಹಿಂದಿನ ಸ್ಪ್ರಿಂಗ್ ಕೂರುವ ಜಾಗದಲ್ಲಿ ಎರಡೂ ಕಡೆ ಸೀಳು. ಹಿಂದೆ ಯಾರೋ ಸೀಳಿನೊಳಗೆ ಹಿತ್ತಾಳೆ ಕರಗಿಸಿ ತುಂಬಿ ಮುಚ್ಚಿದ್ದರು. ಹಿತ್ತಾಳೆ ಇರುವಲ್ಲಿ ಕಬ್ಬಿಣದ ಬೆಸುಗೆ ಕೂರುವುದಿಲ್ಲ. ಅದನ್ನು ಪೂರ್ತಿ ಅರದಿಂದ ಉಜ್ಜಿ ತೆಗೆಯಬೇಕು. ಪೆಟ್ರೋಲಿನ ಟಾಕಿ ಬಿಚ್ಚಿ ದೂರ ಇಡಬೇಕು. ಜನ ಕೂರುವ ಮೇಲಿನ ಡಬ್ಬಿ ಇಳಿಸಿ, ಕುಗ್ಗಿದ ತೊಲೆಯನ್ನು ಸಮ ಮಾಡಿದ ಮೇಲೆಯೇ ಪಟ್ಟಿ ಹಚ್ಚಬೇಕು. ಭಾರ ಹೊತ್ತಂತೆಯೇ ಬೆಸೆದರೆ ಸೊಟ್ಟವೇ ಗಟ್ಟಿಯಾಗುತ್ತದೆ. ಪಟ್ಟಿಯ ತುದಿಯನ್ನು ನೆಟ್ಟಗೆ ಕತ್ತರಿಸಿದರೆ ಮುಂದಿನ ಸೀಳು ಅಲ್ಲಿಂದಲೇ ಹುಟ್ಟುತ್ತದೆ, ಓರೆಯಾಗಿ ಕತ್ತರಿಸಬೇಕು. ಬೆಸುಗೆಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ, ನೀರು ಹೊಯ್ಯದೆ ತಾನಾಗಿ ಆರಲು ಬಿಡಬೇಕು. ಇಷ್ಟೆಲ್ಲ ಮದುವೆಯ ದಿನದೊಳಗೆ ಮುಗಿಯುವ ಕೆಲಸವಲ್ಲ.

ಮೇಲೊಂದು ಪಟ್ಟಿ ಅಂಟಿಸಿ ಡಾಂಬರು ಬಳಿಯುವುದು ಮಾತ್ರ ಒಂದು ಮಧ್ಯಾಹ್ನದ ಕೆಲಸ. ಅದು ಅವನಿಗೂ ಗೊತ್ತಿತ್ತು, ನಮ್ಮ ಮಾವನಿಗೂ ಗೊತ್ತಿತ್ತು.

"ಗಾಡಿ ಹಡ್ಯಾಕ ಕುಂತೈತೇನೋ, ಇಷ್ಟ ಹೊತ್ತ ಹಿಡ್ಯಾಕ?" ಎಂದ ಮಾವ. "ಬರೇ ಒಂದ ದಿನದ ಮಾತು. ಬೆಳುಂಕಿಗೆ ಹೋಗಿ ಬಂದ್ರ ಸಾಕು. ಆಮ್ಯಾಲ ಬೇಕಾದಂಗ ಬಿಚ್ಚು."

"ಹಳ್ಳಕ್ಕ ಇಳಿಯೂ ಮುಂದ ಮುರದ್ರರಿ?"

"ಮುರಿಯೂದಿಲ್ಲೋ. ಇಷ್ಟ ದಿನಾ ಮುರದೈತೇನು?"

ಲಗಮಣ್ಣ ಮನೆಗೆ ಹೋದ. ಮನೆಯಲ್ಲಿ ಹೆಂಡತಿ ಬೀರವ್ವ ಇನ್ನೂ ಗಟ್ಟಿ. ಅವಳ ಮಡಿಲಲ್ಲಿ ಹಾಲು ಕುಡಿಯುವ ಮಗಳಿದ್ದಳು.

"ಭಂಡಾರ ಎತ್ತಾಕ ನಿಂಗ ಯಾರ ಹೇಳಿದ್ರು? ಎತ್ತೀದಿ, ಈಗ ಮಾಡು. ಸಾವ್ಕಾರ ತಾನ ಹಚ್ಚು ಅನ್ನಾಕತ್ತಾನ. ಮುರದ್ರ ಪಾಪ ಅವಂದು. ಮಾತ ತಪ್ಪಿದ್ರ ತಟ್ಟೂದು ಈ ಕೂಸಿಗೆ."

"ಒಳಗ ಹನ್ನೆರಡ ಮಂದಿ ಹೆಣಮಕ್ಕಳು ಕುಂದರತಾರ."

"ಅವರ ಮನಿ ಹೆಣಮಕ್ಕಳು. ಇದು ನಿನ್ನ ಮನೀದು."

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆ ವಾರ ಸೊಲ್ಲಾಪುರದಿಂದ ಬೆಸುಗೆಗೆ ಬೇಕಾದ ಗ್ಯಾಸಿನ ಬಾಟ್ಲಿಯೂ ಕಾರ್ಬೈಡೂ ಬಂದಿಳಿದವು. ಬಾರದಿದ್ದರೆ ಅದೇ ನೆವದಿಂದ ಅವನು ಬಚಾವಾಗುತ್ತಿದ್ದ. ಸಾಮಾನು ಬಂತು, ಕೈಯಿತ್ತು, ಬೆಂಕಿಯಿತ್ತು. ಮದುವೆಯ ಹಿಂದಿನ ದಿನದವರೆಗೂ ಅವನು ಪಟ್ಟಿ ಕೈಯಲ್ಲಿ ಹಿಡಿದು ಗಾಡಿಯ ಕೆಳಗೆ ಹೋಗುವುದು, ಬರಿಗೈಯಲ್ಲಿ ಹೊರಬರುವುದು ನಡೆದೇ ಇತ್ತು. ಛಪ್ಪರದ ಮುಂದೆ ಹಾದುಹೋಗುವವರೆಲ್ಲ ಆಯಿತೇನೆಂದು ಕೇಳುತ್ತಿದ್ದರು. ಕಡೆಗೆ ಸಂತೆಯ ಹಮಾಲರನ್ನು ಕರೆದು, ಬೋಲ್ಟು ಬಿಚ್ಚಿ, ಮೇಲಿನ ಡಬ್ಬಿಯನ್ನು ಎತ್ತಿಸಿ ಕಲ್ಲುಗಳ ಮೇಲೆ ಇಡಿಸಿದ. ನಾಲ್ಕೂ ಗಾಲಿ ತೆಗೆದ. ಇನ್ನು ತಾನೇ ಮನಸ್ಸು ಬದಲಿಸಿದರೂ ಗಾಡಿ ಮದುವೆಗೆ ಹೋಗುವಂತಿರಲಿಲ್ಲ.

ಮನೆಯ ಹೆಂಗಸರಾದ ನಾವು ಎತ್ತಿನ ಚಕ್ಕಡಿಗಳಲ್ಲಿ ಬೆಳುಂಕಿಗೆ ಹೋದೆವು. ಮುಹೂರ್ತಕ್ಕೆ ತಡವಾಯಿತು. ಬೀಗರು ನಕ್ಕರು. ಮಾವ ಊಟ ಮಾಡಲಿಲ್ಲ.

ಭಂಡಾರ ಎತ್ತಿ ಮಾತು ತಪ್ಪಿದ್ದನ್ನು ವಿಚಾರಿಸಲು ಅಮಾವಾಸ್ಯೆಯ ದಿನ ಬೀರಪ್ಪನ ಗುಡಿಯ ಕಟ್ಟೆಗೆ ಹಿರಿಯರು ಕೂಡಿದರು. ಪೂಜಾರಿ ಶಿದ್ರಾಯ ದೂರದ ಸಂಬಂಧದಲ್ಲಿ ಲಗಮಣ್ಣನಿಗೆ ಕಾಕಾ ಆಗಬೇಕು. ಕೆಟ್ಟ ಮನುಷ್ಯನಲ್ಲ, ದಾರಿ ಮಾಡಿಕೊಡಲೆಂದೇ ಬಂದಿದ್ದ.

"ತಮ್ಮಾ, ಗ್ಯಾಸು ಲಗೂನ ಬರಲಿಲ್ಲ, ಅದಕ್ಕ ಆಗಲಿಲ್ಲ, ಹೌದಲ್ಲ? ಹಂಗಿದ್ರ ಅದು ದೇವರ ಇಚ್ಛಾ. ನಿಂದೇನ ತಪ್ಪಿಲ್ಲ."

"ಬಂದಿತ್ತರಿ ಕಾಕಾ."

"ಏ, ಬಂದಿರಾಕಿಲ್ಲ, ನೆನಪ ಮಾಡ್ಕೊ."

"ಬಂದಿತ್ತರಿ. ನಾನ ಹಚ್ಚಲಿಲ್ಲ."

ಕಟ್ಟೆಯ ಮೇಲೆ ಯಾರೋ, "ಮಿರಜಿನ್ಯಾಗ ಸುಳ್ಳ ಹೇಳೂದು ಕಲಸಲಿಲ್ಲೇನೋ ನಿಂಗ?" ಎಂದರು. ಕೆಲವರು ನಕ್ಕರು. ಬೀರವ್ವ ನಗಲಿಲ್ಲ.

ಹಾಗಾಗಿ ಹಿರಿಯರಿಗೂ ಬೇರೆ ದಾರಿ ಉಳಿಯಲಿಲ್ಲ. ಲಗಮಣ್ಣ ಗುಡಿಯ ಮೆಟ್ಟಿಲು ಹತ್ತಬಾರದು, ಹಣೆಗೆ ಭಂಡಾರ ಹಚ್ಚಿಕೊಳ್ಳಬಾರದು. ದೇವರು ಹೂ ಕೊಡುವವರೆಗೆ, ಎಂದರೆ ಪೂಜೆಯ ಹೊತ್ತಿಗೆ ಅವನ ಹೆಸರು ಹೇಳಿ ಕೇಳಿದಾಗ ಮೂರ್ತಿಯ ಬಲಗಡೆಯಿಂದ ಹೂ ತಾನಾಗಿ ಬೀಳುವವರೆಗೆ.

ಚಾಸಿಯ ಕೆಲಸವನ್ನು ಅವನು ಸಾವಕಾಶವಾಗಿ ಮುಗಿಸಿದ. ಮಾವ ಬಂದು ಗಾಡಿ ಒಯ್ದ. ಅದು ಬಿಜಾಪುರದವರೆಗೆ ಚೀಲ ಹೊತ್ತು ವರ್ಷಗಳ ಕಾಲ ಓಡಿತು. ಇದರಿಂದ ಏನೂ ಸಾಬೀತಾಗುವುದಿಲ್ಲ. ಹಳೆಯ ಸೀಳಿನ ಮೇಲೆಯೇ ನಾವು ಹೋಗಿದ್ದರೆ ಮುರಿಯುತ್ತಿತ್ತೇ ಎಂದು ಅವನನ್ನೇ ಒಮ್ಮೆ ಕೇಳಿದೆ.

"ಗೊತ್ತಿಲ್ಲರಿ ಅಕ್ಕಾರ," ಎಂದ. "ಮುರೀತಿದ್ದಿಲ್ಲೋ ಏನೋ."

ಪ್ರತಿ ದೀಪಾವಳಿಗೆ ಶಿದ್ರಾಯ ಹೂ ಕೇಳುತ್ತಿದ್ದ. ಬೀರವ್ವ ಮಗಳನ್ನು ಎತ್ತಿಕೊಂಡು ಒಳಗೆ ನಿಲ್ಲುತ್ತಿದ್ದಳು, ಲಗಮಣ್ಣ ಮೆಟ್ಟಿಲ ಕೆಳಗೆ. ಮಗು ಬೆಳೆದು ಶಾಲೆಗೆ ಹೋಗತೊಡಗಿತು, ಅದಕ್ಕೇನೂ ಆಗಲಿಲ್ಲ. ಹೂ ಮಾತ್ರ ಬೀಳಲಿಲ್ಲ. ಶಿದ್ರಾಯನಿಗೇ ಬೇಸರವಾಗಿ, ಈ ಸಲ ಹೂವನ್ನು ಸ್ವಲ್ಪ ಸಡಿಲಾಗಿ ಇಡುತ್ತೇನೆ, ಗಾಳಿಗೆ ಬಿದ್ದರೂ ಬಿದ್ದಂತೆಯೇ ಲೆಕ್ಕ ಎಂದು ಗುಟ್ಟಾಗಿ ಹೇಳಿ ಕಳಿಸಿದ.

ಲಗಮಣ್ಣ ಹೇಳಿ ಕಳಿಸಿದ ಉತ್ತರ ಬೀರವ್ವನ ಬಾಯಿಂದಲೇ ನಾನು ಕೇಳಿದ್ದು. "ಗಟ್ಟಿಯಾಗಿ ಇಡ್ರಿ ಅಂತ ಹೇಳಿದನ್ರಿ ನಮ್ಮ ಮನ್ಯಾಂವ. ಬೀಳೂದಿದ್ರ ತಾನ ಬೀಳಲಿ ಅಂದ. ಏನ ಮಾಡೂದ್ರಿ ಇಂಥಾವನ ಜೋಡಿ?"

ನನಗೆ ತಿಳಿದಂತೆ ಹೂ ಬೀಳಲಿಲ್ಲ.