ಅಕ್ಕಯಮ್ಮನ ಮನೆಯ ಪಿ.ಪಿ. ನಂಬರು

ಕೆ.ಆರ್. ಪುರದ ಅಕ್ಕಯಮ್ಮನ ಮನೆಗೆ ಫೋನು ಬಂದದ್ದು ತೊಂಬತ್ತೇಳರಲ್ಲಿ, ಅರ್ಜಿ ಹಾಕಿ ಐದು ವರ್ಷ ಕಾದ ಮೇಲೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಅಷ್ಟೊತ್ತಿಗೆ ಆರು ಬಾಡಿಗೆ ರೂಮುಗಳು ಎದ್ದಿದ್ದವು. ರೂಮುಗಳ ತುಂಬ ಗುಲ್ಬರ್ಗ, ಯಾದಗಿರಿ ಕಡೆಯ ಜನ. ಅವರೆಲ್ಲ ಬಯೋಡೇಟಾದಲ್ಲಿ ಅವಳ ನಂಬರು ಬರೆದು ಪಕ್ಕದಲ್ಲಿ ‘ಪಿ.ಪಿ.’ ಅಂತ ಹಾಕುತ್ತಿದ್ದರು. ಅಂದರೆ ಫೋನು ನಮ್ಮದಲ್ಲ, ಪಕ್ಕದವರದು, ಕರೆದು ಕೊಡುತ್ತಾರೆ ಅಂತ. ಕರೆದು ಕೊಡುವ ಕೆಲಸ ಅಕ್ಕಯಮ್ಮನ ಪಾಲಿಗೆ ಬಿತ್ತು.

ಕರೆಯುವುದಕ್ಕೆ ಅವಳಿಗೆ ಬೇಸರವಿರಲಿಲ್ಲ. ಆ ಕಡೆಯವರು ಮಾತಾಡುವ ರೀತಿಗೆ ಮೈ ಉರಿಯುತ್ತಿತ್ತು. ತಾವು ಯಾರು ಅಂತ ಹೇಳರು, ಎಲ್ಲಿಂದ ಅಂತ ಹೇಳರು. “ಶಿವಪುತ್ರ ಇದಾರಾ?” ಅಷ್ಟೇ. ಸೌಟು ಕೈಯಲ್ಲೇ ಹಿಡಿದು ಕೊನೆಯ ರೂಮಿನವರೆಗೆ ಹೋಗಿ ಶಿವಪುತ್ರನನ್ನು ಎಬ್ಬಿಸಿ ಕರೆತರುವಷ್ಟರಲ್ಲಿ ಲೈನು ಕಟ್ಟಾಗಿರುತ್ತಿತ್ತು.

ಆ ಶಿವಪುತ್ರನ ತಂಗಿ ಪ್ರಿಯದರ್ಶಿನಿ ತೊಂಬತ್ತೊಂಬತ್ತರಲ್ಲಿ ಯಾದಗಿರಿಯಿಂದ ಬಂದಳು. ಬಿ.ಕಾಂ. ಆಗಿತ್ತು, ಟೈಪಿಂಗಿನಲ್ಲಿ ಬೆರಳು ಓಡುತ್ತಿತ್ತು. ಕಂಪನಿಗಳಿಗೆ ಜನ ಹುಡುಕಿ ಕೊಡುವ ಇಂದಿರಾನಗರದ ಒಂದು ಕನ್ಸಲ್ಟೆನ್ಸಿಯವರು ಬಯೋಡೇಟಾ ಇಸಕೊಂಡು, “ಬುಧವಾರ ಫೋನ್ ಮಾಡ್ತೀವಿ, ಮನೇಲೇ ಇರಿ” ಅಂದು ಕಳಿಸಿದರು.

ಬುಧವಾರ ಹುಡುಗಿ ಬೆಳಗ್ಗೆಯೇ ತಲೆ ಬಾಚಿ, ನೋಟುಬುಕ್ಕು ಹಿಡಿದು ಅಕ್ಕಯಮ್ಮನ ಪಡಸಾಲೆಯಲ್ಲಿ ಬಂದು ಕೂತಳು. ಬಚ್ಚಲಿಗೆ ಹೋಗಬೇಕಾದರೂ “ಅಮ್ಮಾರ, ಸ್ವಲ್ಪ ಫೋನ್ ಕಡೆ ಲಕ್ಷ್ಯ ಇರ್ಲಿರಿ” ಅನ್ನುತ್ತಿದ್ದಳು. ಸಂಜೆಯವರೆಗೆ ಫೋನಿಲ್ಲ. ಮುಂದಿನ ಬುಧವಾರವೂ ಹಾಗೇ. ಮೂರನೆಯ ಬುಧವಾರ ಅಕ್ಕಯಮ್ಮನೇ ನಂಬರು ತಿರುಗಿಸಿ ಕೊಟ್ಟಳು. ಹುಡುಗಿ ಎರಡು ಮಾತಾಡುವುದರೊಳಗೆ ಮುಖ ಸಪ್ಪೆ ಮಾಡಿಕೊಂಡು ಕೆಳಗಿಟ್ಟಳು.

“ಏನಂತೆ?”

“ನಾವೇ ಮಾಡ್ತೀವಿ ಅಂದೀವಲ್ಲ, ಯಾಕೆ ಪದೇ ಪದೇ ಮಾಡ್ತೀರಿ ಅಂದ್ರುರಿ.”

“ಪದೇ ಪದೇನಾ? ಮಾಡಿದ್ದೇ ಒಂದ್ಸಲ! ಕೆಲ್ಸ ಇಲ್ಲ ಅನ್ನೋದಾದ್ರೆ ಇಲ್ಲ ಅಂತ ಹೇಳೋಕೆ ಏನವ್ವ ಬಾಯಿ ನೋವು ಇವ್ರಿಗೆ? ನಡಿ, ಸೀರೆ ಉಟ್ಕೊ.”

ಬಸ್ಸಿನಲ್ಲಿ ನಿಂತೇ ಹೋದರು. ನೂರಡಿ ರಸ್ತೆಯ ಹಳೇ ಬಂಗಲೆಯ ಕಾರ್ ಶೆಡ್ಡೇ ಆಫೀಸಾಗಿತ್ತು. ಒಳಗೆ ರೇವತಿ ಅನ್ನುವ ಹೆಂಗಸು, ಮೂವತ್ತರ ಆಸುಪಾಸು, ಕಿವಿಗೊಂದು ಫೋನು, ಮೇಜಿನ ಮೇಲೆ ಇನ್ನೊಂದು, ಮಧ್ಯೆ ಬಯೋಡೇಟಾಗಳ ಗುಡ್ಡೆ. ಅಕ್ಕಯಮ್ಮ ಅವಳಿಗೆ ಬಾಯಿ ಬಿಡಲೂ ಅವಕಾಶ ಕೊಡದೆ ಮೂರು ಬುಧವಾರದ ಕಥೆಯನ್ನೂ ಒಪ್ಪಿಸಿದಳು.

ರೇವತಿ ರಿಜಿಸ್ಟರು ತೆಗೆದು ಬೆರಳಿಟ್ಟಳು. “ನಾವು ಫೋನ್ ಮಾಡಿದೀವಿ ಅಮ್ಮಾ. ಒಂಬತ್ತನೇ ತಾರೀಖು, ಶುಕ್ರವಾರ. ‘ಅಂಥೋರು ಯಾರೂ ಇಲ್ಲ’ ಅಂತ ಒಬ್ರು ರೇಗಿ ಇಟ್ಬಿಟ್ರು.”

“ಯಾರ್ನ ಕೇಳಿದ್ರಿ?”

“ಜಟ್ಟೆಪ್ಪ ಅಂತ.”

“ಅದು ನಮ್ಮ ಅಪ್ಪನ ಹೆಸರ್ರಿ,” ಅಂದಳು ಪ್ರಿಯದರ್ಶಿನಿ ಸಣ್ಣ ದನಿಯಲ್ಲಿ. “ಸರ್ಟಿಫಿಕೇಟ್‌ನಾಗ ನನ್ನ ಹೆಸರಿನ ಮುಂದ ಅದೇ ಐತ್ರಿ.”

ಅಕ್ಕಯಮ್ಮನಿಗೆ ನೆನಪಾಯಿತು. ಆವತ್ತು ಒಲೆ ಮೇಲೆ ಹಾಲು ಉಕ್ಕುತ್ತಿತ್ತು. ರೇಗಿ ಇಟ್ಟವಳು ತಾನೇ. ಮುಖ ಬಿಸಿಯಾಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ. “ಆಯ್ತವ್ವ, ತಪ್ಪು ನನ್ದೂ ಐತೆ. ನೀವು ಇಂಥಾ ಆಫೀಸು, ಇಂಥಾ ಕೆಲಸದ ವಿಷ್ಯ ಅಂತ ಒಂದ್ಮಾತು ಹೇಳಿದ್ರೆ ನಾನ್ಯಾಕೆ ಇಡ್ತಿದ್ದೆ? ಇಲ್ಲಿ ಬುಧವಾರ ಅಂದು ಶುಕ್ರವಾರ ಮಾಡೋದು ಯಾವ ನ್ಯಾಯ?”

ರೇವತಿಗೂ ರೇಗಿತು. “ನನ್ನ ಪಾಡು ಕೇಳಿ. ಹತ್ತು ಜನಕ್ಕೆ ಇಂಟರ್ವ್ಯೂಗೆ ಬನ್ನಿ ಅಂದ್ರೆ ನಾಲ್ಕು ಜನ ಬರ್ತಾರೆ. ಉಳಿದೋರು ಬರಲ್ಲ ಅಂತ ಹೇಳೋದೂ ಇಲ್ಲ. ಕಂಪನಿಯೋರು ನನಗೆ ಬೈತಾರೆ. ಆ ಕಂಪನಿಯೋರಾದ್ರೂ ಹೂಂ, ಉಹೂಂ ಅಂತಾರಾ? ತಿಂಗಳುಗಟ್ಟಲೆ ಸುಮ್ನಿರ್ತಾರೆ. ನಾನೇನು ಹೇಳ್ಲಿ ಇವರಿಗೆ?”

“ಇನ್ನೂ ಗೊತ್ತಿಲ್ಲ ಅಂತ ಹೇಳು. ಅದೂ ಒಂದು ಮಾತೇ ತಾನೆ?”

ಆ ಕೆಲಸ ಬೇರೆಯವರಿಗೆ ಹೋಗಿ ವಾರವಾಗಿತ್ತು. ವಾಪಸು ಬರುವಾಗ ಪ್ರಿಯದರ್ಶಿನಿ ಅಕ್ಕಯಮ್ಮನ ಟಿಕೇಟನ್ನೂ ತಾನೇ ತೆಗೆದಳು. ಬೈದಿದ್ದರೆ ಅಕ್ಕಯಮ್ಮನಿಗೆ ಹಗುರವಾಗುತ್ತಿತ್ತು. ಮನೆಗೆ ಬಂದವಳೇ ಅಕ್ಕಯಮ್ಮ ಆರೂ ರೂಮಿನವರ ಪೂರ್ತಿ ಹೆಸರು, ಅಪ್ಪಂದಿರ ಹೆಸರು ಬರೆಸಿ ಫೋನಿನ ಮೇಲಿನ ಗೋಡೆಗೆ ಅಂಟಿಸಿದಳು.

ಎರಡು ತಿಂಗಳಾದ ಮೇಲೆ ಹುಡುಗಿ ಶಿವಾಜಿನಗರದಲ್ಲಿ ಚರ್ಮದ ಬ್ಯಾಗು ರಫ್ತು ಮಾಡುವ ಅಕ್ತರ್ ಸಾಹೇಬರ ಆಫೀಸಿಗೆ ತಾನೇ ಹೋಗಿ ಕೇಳಿದಳು. ಅವರು ಒಂದು ಪತ್ರ ಟೈಪು ಮಾಡಿಸಿ ನೋಡಿ, “ಸೋಮವಾರದಿಂದ ಬನ್ನಿ” ಅಂದರು. ಕಾಲು ಗಂಟೆಯ ಕೆಲಸ.

ಹುಡುಗಿಗೆ ಕೆಲಸ ಸಿಕ್ಕ ವಿಷಯ ಇಂದಿರಾನಗರದವರಿಗೂ ತಿಳಿಸಬೇಕು ಅಂತ ಅಕ್ಕಯಮ್ಮ ಹಟ ಹಿಡಿದಳು. ಹುಡುಗಿ ನಾಚಿಕೊಂಡಳು, ಅಕ್ಕಯಮ್ಮ ತಾನೇ ಫೋನ್ ಮಾಡಿದಳು. ಎತ್ತಿದವರು “ಹೇಳ್ತೀನಿ” ಅಂದು ಇಟ್ಟರು.

ಮುಂದಿನ ತಿಂಗಳು ಒಂದು ಬೆಳಗ್ಗೆ ಫೋನು ಬಂತು. “ಪ್ರಿಯದರ್ಶಿನಿ ಅವರಿಗೆ ನಾಳೆ ಹತ್ತಕ್ಕೆ ಇಂಟರ್ವ್ಯೂ, ತಪ್ಪದೆ ಬರೋಕೆ ಹೇಳಿ.”

“ಯಾವ ಆಫೀಸವ್ವ?”

ಅದೇ ಇಂದಿರಾನಗರದ ಕನ್ಸಲ್ಟೆನ್ಸಿ.

ಅಕ್ಕಯಮ್ಮ ಕಣ್ಣು ಮುಚ್ಚಿ ಉಸಿರು ಬಿಟ್ಟಳು. “ಅವಳಿಗೆ ಕೆಲ್ಸ ಸಿಕ್ಕೈತೆ ಅಂತ ಹೋದ್ ತಿಂಗಳೇ ನಿಮಗೆ ಹೇಳಿದೀನಿ.”

“ಯಾರಿಗೆ ಹೇಳಿದ್ರಿ? ನಾನು ಹೊಸಬಳು, ಅಮ್ಮಾ. ರೇವತಿ ಮೇಡಂ ಕೆಲಸ ಬಿಟ್ಟೋದ್ರು.”

“ಹಂಗಾ,” ಅಂದಳು ಅಕ್ಕಯಮ್ಮ. “ಪೆನ್ನು ಐತಾ ಕೈಯಾಗೆ? ತಗೋ, ಬರ್ಕೋ. ಬರ್ಕೊಂಡು ಒಂದ್ಸಲ ನನಗೆ ಓದಿ ಹೇಳು.”