ಯಾರೂ ಹಾಕದ ಹೀಟರ್

ಮೊನ್ನೆ ಶನಿವಾರ ಬೆಳಿಗ್ಗೆ ನನ್ನ ಹಳೆಯ ಕಾರಿನ ಬಾನೆಟ್ ಎತ್ತಿ ಒಳಗೆ ಕೈ ಹಾಕಿದಾಗ ಒಂದು ತುಂಡು ತಾಮ್ರದ ತಂತಿ ಸಿಕ್ಕಿತು. ಹಸಿರು ಕಿಲುಬು ಹಿಡಿದು ನಡುವೆ ಕಡಿದುಹೋಗಿತ್ತು. ಅದನ್ನು ಅಲ್ಲಿ ಕಟ್ಟಿದವರು ನಮ್ಮ ಪಕ್ಕದ ಮನೆಯ ಟೀಚರ್. ಕಂಡ ಕೂಡಲೇ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಹಿಂದಿನ ದಿನವಷ್ಟೇ ಗ್ಯಾರೇಜಿನವನೊಬ್ಬ ಎ.ಸಿ.ಯಿಂದ ಬರುತ್ತಿದ್ದ ಬಿಸಿ ಗಾಳಿಗೆ ಕೈ ಒಡ್ಡಿ, "ಗ್ಯಾಸ್ ಖಾಲಿ ಅಕ್ಕ. ಸರ್ ನಂಬರ್ ಕೊಡಿ, ನಾನು ಅವರ ಹತ್ರ ಮಾತಾಡ್ತೇನೆ" ಎಂದಿದ್ದ. ಕಾರು ನನ್ನದು, ಓಡಿಸುವವಳು ನಾನು. ಸರ್ ಎಂದರೆ ನನ್ನ ಗಂಡ, ಸ್ಟೆಪ್ನಿ ಎಲ್ಲಿದೆ ಎಂದೂ ತಿಳಿಯದ ಪ್ರಾಣಿ.

ಈ ಕಾರು ಮೊದಲು ಟೀಚರದ್ದಾಗಿತ್ತು. ಮೂಡುಬಿದಿರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು ಅವರು. ಅವರ ಯಜಮಾನರು ಅಂಚೆ ಕಚೇರಿಯಲ್ಲಿದ್ದರು. ಜೀವಮಾನವಿಡೀ ಸೈಕಲ್ ತುಳಿದವರು ಕಾರಿನ ಸ್ಟೇರಿಂಗ್ ಮುಟ್ಟಿದವರಲ್ಲ. ಕೊನೆಗೆ ಅವರ ಶ್ವಾಸಕೋಶ ಕೈಕೊಟ್ಟಿತು. ಜಗಲಿಯಿಂದ ಅಂಗಳಕ್ಕೆ ಇಳಿದರೆ ಏದುಸಿರು. ಅವರಿಗೆ ನಂಬಿಕೆ ಇದ್ದ ಡಾಕ್ಟರು ಶನಿವಾರ ಮಾತ್ರ ಬಂಟ್ವಾಳದಾಚೆಯ ಬಿ.ಸಿ.ರೋಡ್ ಪೇಟೆಯಲ್ಲಿ ಸಿಗುತ್ತಿದ್ದರು. ನನ್ನ ತವರು ಬಂಟ್ವಾಳ. ಹಿಂದಿರುಗುವಾಗ ತಾಯಿಯನ್ನು ನೋಡಿ ಬರುವ ನೆಪದಲ್ಲಿ ನಾನೂ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದೆ. ಟೀಚರೇ ಯಾಕೆ ಓಡಿಸಬೇಕು, ಬಾಡಿಗೆ ಕಾರು ಮಾಡಬಾರದೇ ಎಂದು ಕೇಳಿದವರಿದ್ದಾರೆ. ಕೊರೊನಾ ಮುಗಿದ ಹೊಸತು ಅದು... ಕೆಮ್ಮುವವರನ್ನು ಕಂಡರೆ ಡ್ರೈವರುಗಳು ಹೇಗೆ ಮುಖ ತಿರುಗಿಸುತ್ತಿದ್ದರು ಎಂಬುದನ್ನು ಕೇಳಿದವರು ಮರೆತಿರಬಹುದು, ನಾನು ಮರೆತಿಲ್ಲ.

ಆ ಬೇಸಿಗೆಯಲ್ಲಿ ಕಾರಿನ ಎ.ಸಿ. ಕೆಟ್ಟಿತು. ಎ.ಸಿ. ಎಂದರೆ ಶೋಕಿ ಎಂದು ನಮ್ಮವರ ಲೆಕ್ಕ. ಆದರೆ ಬಂಟ್ವಾಳ ದಾಟಿದ ಮೇಲೆ ಹೆದ್ದಾರಿ ಕೆಲಸದ ಧೂಳು. ಗ್ಲಾಸು ಇಳಿಸಿದರೆ ಆ ಧೂಳೆಲ್ಲ ಯಜಮಾನರ ಎದೆಗೆ. ಏರಿಸಿದರೆ ಒಳಗೆ ಬೇಯುವ ಸೆಕೆ. ಏರಿಸಿ, ಇಳಿಸಿ, ಮತ್ತೆ ಏರಿಸಿ ಟೀಚರ್ ಗಾಡಿ ಓಡಿಸುತ್ತಿದ್ದರು. ಪಕ್ಕದಲ್ಲಿ ಯಜಮಾನರು ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮುತ್ತಿದ್ದರು. ಒಮ್ಮೆ ಕೆಮ್ಮು ನಿಲ್ಲದೆ ಸಿದ್ಧಕಟ್ಟೆಯ ಹತ್ತಿರ ಕಾರು ಬದಿಗೆ ಹಾಕಿದ್ದೂ ಉಂಟು. ನೀಲಿಗಟ್ಟಿದ ಅವರ ಉಗುರು ನೋಡಿ ಟೀಚರ್ ಸೆರಗಿನಿಂದ ಗಾಳಿ ಹಾಕಿದರು...

ಹೆದ್ದಾರಿ ಬದಿಯ ಎ.ಸಿ. ಗ್ಯಾರೇಜಿಗೆ ಹೋದೆವು. ಟೀಚರ್ ಇಳಿದು ಹೋಗಿ, "ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ತಣ್ಣಗೆ ಬರ್ತದೆ. ಸ್ವಲ್ಪ ದೂರ ಹೋದ ಮೇಲೆ ಬಿಸಿ ಆಗ್ತದೆ" ಎಂದು ಮಕ್ಕಳಿಗೆ ಪಾಠ ಹೇಳುವ ಹಾಗೆ ಬಿಡಿಸಿ ಹೇಳಿದರು. ಗ್ಯಾರೇಜಿನವನು ಅದನ್ನೆಲ್ಲ ಕೇಳಿಸಿಕೊಂಡು, ಅವರನ್ನು ದಾಟಿ ಬಂದು, ಎಡಗಡೆಯ ಕಿಟಕಿಗೆ ಬಾಗಿ, "ಎಂತ ಸರ್ ಪ್ರಾಬ್ಲಂ?" ಎಂದು ಕೇಳಿದ. ಸರ್‌ಗೆ ಉಸಿರೆಳೆದುಕೊಳ್ಳುವುದೇ ಒಂದು ಕೆಲಸ. ಅವರು ಮೆಲ್ಲ ಬೆರಳೆತ್ತಿ ಹೆಂಡತಿಯ ಕಡೆ ತೋರಿಸಿದರು. ಅವನು ಆ ಬೆರಳನ್ನೂ ನೋಡಲಿಲ್ಲ. "ಗ್ಯಾಸ್ ಹಾಕುವ ಸರ್, ಸರಿಯಾಗ್ತದೆ" ಎಂದ.

ಗ್ಯಾಸ್ ಹಾಕಿದ. ಆಗಲಿಲ್ಲ. ಮುಂದಿನ ಶನಿವಾರ ಮತ್ತೆ ಹಾಕಿದ. ಆಗಲಿಲ್ಲ. ಕೊನೆಗೆ, "ಹಳೇ ಗಾಡಿ ಸರ್, ಮಾರಿ ಬಿಡಿ" ಎಂದು ಉಪದೇಶ ಕೊಟ್ಟ. ಅದೂ ಎಡಗಡೆಯ ಕಿಟಕಿಗೇ.

ಟೀಚರ್ ಮನೆಗೆ ಬಂದು ಎಂಜಿನ್ ಬಿಸಿಯಾಗಿರುವಾಗಲೇ ಬಾನೆಟ್ ಎತ್ತಿದರು. ಎಂಜಿನ್ ಕಡೆಯಿಂದ ಕಾರಿನ ಒಳಗೆ ಹೋಗುವ ಎರಡು ರಬ್ಬರ್ ಪೈಪುಗಳಿವೆ. ಹೀಟರಿಗೆ ಬಿಸಿನೀರು ಹೋಗಿ ಬರುವ ದಾರಿ ಅದು. ಹೀಟರ್ ಬಂದ್ ಇದ್ದರೆ ಒಂದು ಪೈಪ್ ಬಿಸಿ, ಇನ್ನೊಂದು ತಣ್ಣಗೆ ಇರಬೇಕು. ಅವರು ಕೈ ಇಟ್ಟು ನೋಡಿದರು. ನನ್ನ ಕೈಯನ್ನೂ ಹಿಡಿದು ಇಡಿಸಿದರು. ಎರಡೂ ಸುಡುತ್ತಿದ್ದವು.

"ಗ್ಯಾಸ್ ಖಾಲಿಯಾದ್ರೆ ಬೆಳಿಗ್ಗೆಯೂ ತಣ್ಣಗೆ ಬರಬಾರದಲ್ವಾ?" ಎಂದರು. "ಎಂಜಿನ್ ಬಿಸಿಯಾದ ಮೇಲೆ ಮಾತ್ರ ಯಾಕೆ ಕೆಡ್ತದೆ? ಹೀಟರ್ ಬಂದ್ ಆಗಿಲ್ಲ. ಎ.ಸಿ. ತಣ್ಣಗೆ ಮಾಡ್ತದೆ, ಇದು ಬಿಸಿ ಮಾಡ್ತದೆ."

ಡ್ಯಾಶ್‌ಬೋರ್ಡಿನಲ್ಲಿರುವ ಹೀಟರಿನ ಗುಬ್ಬಿಯನ್ನು ಅವರು ಯಾವತ್ತೂ ತಿರುಗಿಸಿದವರಲ್ಲ. ಈ ಕರಾವಳಿಯಲ್ಲಿ ಯಾರು ತಿರುಗಿಸುತ್ತಾರೆ? ಆಮೇಲೆ ಅವರಿಗೇ ನೆನಪಾಯಿತು. ಆಯುಧಪೂಜೆಗೆ ಕಾರು ತೊಳೆದು, ಒಳಗಿನ ಗುಬ್ಬಿಗಳನ್ನೆಲ್ಲ ಆಚೀಚೆ ತಿರುಗಿಸಿ ಒರೆಸಿ, ಒಂದೊಂದಕ್ಕೂ ಕುಂಕುಮ ಹಚ್ಚಿದ್ದರು. ಒರೆಸಿ ಮತ್ತೆ ತಣ್ಣಗಿನ ನೀಲಿ ಗುರುತಿಗೇ ತಂದಿಟ್ಟಿದ್ದರು. ಆದರೆ ಗುಬ್ಬಿಯ ಹಿಂದಿನ ಕೇಬಲ್ ಕಳಚಿ, ಬಿಸಿನೀರಿನ ನಲ್ಲಿ ತೆರೆದೇ ಉಳಿದಿತ್ತು. ಬೇಸಿಗೆಯವರೆಗೆ ಎ.ಸಿ. ಹಾಕದ ಕಾರಣ ಅದು ಗೊತ್ತಾಗಿರಲಿಲ್ಲ. ವರ್ಷವಿಡೀ ಯಾರೂ ನೆನೆಯದ ಹೀಟರಿಗೂ ಆ ಒಂದು ದಿನ ನಮ್ಮಲ್ಲಿ ಪೂಜೆ ಆಗುತ್ತದೆ!

ಮರುದಿನವೇ ಗ್ಯಾರೇಜಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರಿಂದ ನಾನೂ ಕೇಳಿದೆ. ಆ ಕಡೆಯಿಂದ ನಗು. "ಹೀಟರಾ? ಇದೆಂತ ಟೀಚರ್, ಕಾಶ್ಮೀರವಾ? ನಮ್ಮೂರಲ್ಲಿ ಹೀಟರ್ ಯಾರಿಗೆ ಬೇಕು ಮಾರಾಯ್ರೇ!"

"ಯಾರಿಗೂ ಬೇಡ. ಹಾಗಾಗಿಯೇ ನೀವು ಯಾರೂ ಅದನ್ನು ನೋಡ್ಲಿಲ್ಲ" ಎಂದರು ಟೀಚರ್. ಆ ಕಡೆ ಇನ್ನೂ ನಗುತ್ತಲೇ ಇದ್ದ. ಆ ನಗು ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ.

ಎಂಜಿನ್ ತಣ್ಣಗಾಗಿತ್ತು. ಟೀಚರ್ ಸೌಟಿನ ಹಿಡಿಯಿಂದ ನಲ್ಲಿಯ ಕಡ್ಡಿಯನ್ನು ದೂಡಿ ಮುಚ್ಚಿದರು. ಅದು ಮತ್ತೆ ಸರಿಯದಂತೆ ತಂತಿ ಬಿಗಿದರು. ಶಾಲೆಯಲ್ಲಿ ಕಬ್ಬಿಣದ ಮೊಳೆಗೆ ಸುತ್ತಿ ವಿದ್ಯುತ್ಕಾಂತ ಮಾಡಿಸುತ್ತಿದ್ದ ಅದೇ ತಾಮ್ರದ ತಂತಿ.

ಆ ಶನಿವಾರ ಗ್ಲಾಸು ಏರಿಸಿಕೊಂಡು ಹೊರಟೆವು. ಸಿದ್ಧಕಟ್ಟೆ ದಾಟಿತು, ಬಂಟ್ವಾಳ ದಾಟಿತು. ಹೊರಗೆ ಕೆಂಪು ಧೂಳು, ಲಾರಿಗಳ ಸಾಲು. ಒಳಗೆ ಗಾಳಿ ತಣ್ಣಗೇ ಇತ್ತು. ಯಜಮಾನರು ಟವೆಲನ್ನು ಬಾಯಿಯಿಂದ ತೆಗೆದು ಹೆಗಲಿಗೆ ಹೊದ್ದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ, "ಚಳಿ ಆಗ್ತಾ ಉಂಟು ಮಾರಾಯ್ತಿ, ಸ್ವಲ್ಪ ಕಡಿಮೆ ಮಾಡು" ಎಂದರು.

ಟೀಚರ್ ಕಾರು ಬದಿಗೆ ನಿಲ್ಲಿಸಿದರು. ಸ್ಟೇರಿಂಗಿಗೆ ಹಣೆ ಇಟ್ಟುಕೊಂಡು ನಕ್ಕರು. ನಗುತ್ತಿದ್ದಾರೆ ಎಂದೇ ನಾನು ತಿಳಿದದ್ದು...

ಬರುವಾಗ ಗ್ಯಾರೇಜಿನ ಮುಂದೆ ಬೇಕೆಂದೇ ನಿಲ್ಲಿಸಿದರು. ಅವನು ಓಡಿ ಬಂದು ಎಡಗಡೆಯ ಕಿಟಕಿಯೊಳಗೆ ಕೈ ಚಾಚಿ ನೋಡಿ, "ಕಂಡ್ರಾ ಸರ್, ನಾವು ಹಾಕಿದ ಗ್ಯಾಸ್ ಈಗ ಹಿಡೀತು!" ಎಂದ. ಅವನ ಮುಖದ ಆ ಕಳೆ ನೋಡಬೇಕಿತ್ತು. ಯಜಮಾನರಿಗೆ ಅಂದು ಮಾತಾಡುವಷ್ಟು ಉಸಿರಿತ್ತು. "ನನಗೆ ಕಾರು ಬಿಡ್ಲಿಕ್ಕೆ ಬರುವುದಿಲ್ಲ. ಅವಳ ಹತ್ರ ಹೇಳಿ" ಎಂದರು.

ಅದು ಅವರ ಕೊನೆಯ ಬೇಸಿಗೆ. ಮಳೆ ಶುರುವಾಗುವ ಮೊದಲೇ ತೀರಿಕೊಂಡರು. ಹೀಟರ್ ಅವರನ್ನು ಕೊಂದಿತು ಎಂದು ನಾನು ಹೇಳುವುದಿಲ್ಲ, ಕಾಯಿಲೆ ದೊಡ್ಡದೇ ಇತ್ತು. ಆದರೆ ಅವರಿಗೆ ಉಳಿದಿದ್ದ ಕೆಲವೇ ಶನಿವಾರಗಳಲ್ಲಿ ಎರಡು ಮೂರನ್ನು ಆ ಗ್ಯಾರೇಜಿನವನ ಕೇಳದ ಕಿವಿ ಧೂಳಿಗೆ ಹಾಕಿತು. ಹೆಂಗಸಿನ ಬಾಯಿಂದ ಬಂದ ಮಾತು ಎಂಬ ಒಂದೇ ಕಾರಣಕ್ಕೆ. ಇದನ್ನು ಕ್ಷಮಿಸುವಷ್ಟು ದೊಡ್ಡ ಮನಸ್ಸು ನನಗಿಲ್ಲ, ಬೇಕಾಗಿಯೂ ಇಲ್ಲ.

ಸೂತಕದ ಮನೆಯಲ್ಲೇ ಟೀಚರ ಮೈದುನ ಕೇಳಿದ: "ಇನ್ನು ಕಾರು ಯಾಕೆ ಅತ್ತಿಗೆ? ಓಡಿಸುವವರು ಯಾರಿದ್ದಾರೆ?"

"ಇಷ್ಟು ವರ್ಷ ಯಾರು ಓಡಿಸಿದ್ದು ಅಂತ ತಿಳ್ಕೊಂಡಿದ್ದಿ?" ಎಂದು ಟೀಚರ್ ಕೇಳಿದಾಗ ಅವನು ಚಾವಡಿಯ ಮಾಡಿನ ಹಂಚು ನೋಡಿದ.

ಆಮೇಲೂ ಅವರೇ ಓಡಿಸಿದರು. ನನಗೂ ಅದರಲ್ಲೇ ಕಲಿಸಿದರು. ಕಣ್ಣು ಮಂಜಾದ ಮೇಲೆ ಕೀ ತಂದು ನನ್ನ ಕೈಗಿಟ್ಟು, "ಗ್ಯಾರೇಜಿನವರು ಎಂತ ಹೇಳಿದ್ರೂ ಮೊದಲು ಪೈಪಿಗೆ ಕೈ ಇಟ್ಟು ನೋಡು" ಎಂದರು. ಕಳೆದ ಮಳೆಗಾಲದಲ್ಲಿ ಅವರೂ ಹೋದರು.

ಮೊನ್ನೆ ಎಂಜಿನ್ ಬಿಸಿಯಾಗುವ ತನಕ ಓಡಿಸಿ ಕೈ ಇಟ್ಟು ನೋಡಿದೆ. ಎರಡೂ ಪೈಪ್ ಸುಡುತ್ತಿದ್ದವು. ಎಂಜಿನ್ ತಣಿದ ಮೇಲೆ ಹೊಸ ತಂತಿ ಬಿಗಿದೆ. ಬೆಳುವಾಯಿವರೆಗೆ ಓಡಿಸಿ ನೋಡಿದೆ, ಗಾಳಿ ತಣ್ಣಗೇ ಇತ್ತು. ಮನೆಗೆ ಬಂದು ಕೈ ತೊಳೆಯುತ್ತಿರುವಾಗ ಗ್ಯಾರೇಜಿನ ಫೋನ್ ಬಂತು. "ಅಕ್ಕ, ಗ್ಯಾಸ್ ತರಿಸಿಟ್ಟಿದ್ದೇವೆ. ಒಮ್ಮೆ ಸರ್‌ಗೆ ಕೊಡಿ."

"ಸರ್‌ಗೆ ಚಳಿ ಆಗ್ತಾ ಉಂಟು" ಎಂದು ಹೇಳಿ ಫೋನ್ ಇಟ್ಟೆ.

ನಗು ಬಂತು. ಟೀಚರಿಗೆ ಈಗಲೇ ಹೇಳಬೇಕೆಂದು ಒದ್ದೆ ಕೈಯಲ್ಲೇ ಪಕ್ಕದ ಮನೆಯ ಗೇಟಿನ ತನಕ ಹೋದೆ. ಗೇಟಿಗೆ ಬೀಗ ಹಾಕಿತ್ತು. ಆ ಮಾತಿಗೆ ನನ್ನ ಜೊತೆ ನಗಬಹುದಾದವರು ಇದ್ದದ್ದು ಇಬ್ಬರೇ.